ಕಳವಾದ ಹೆಸರಿನ ಹೊಣೆ

ಮನೆಯಲ್ಲಿ ಹಣ ಕಳವಾದರೆ ಪೊಲೀಸು ಠಾಣೆಗೆ ಹೋಗಿ ದೂರು ಕೊಡುತ್ತೇವೆ. ನೆರೆಹೊರೆಯವರು ಬಂದು ಸಮಾಧಾನ ಹೇಳುತ್ತಾರೆ. ಕಳೆದುಕೊಂಡವನ ಬಗ್ಗೆ ಎಲ್ಲರಿಗೂ ಮರುಕ. ಆದರೆ ಒಬ್ಬನ ಹೆಸರೇ ಕಳವಾಗಿ, ಕಳ್ಳನು ಆ ಹೆಸರನ್ನು ತೊಟ್ಟುಕೊಂಡು ನಾಲ್ಕಾರು ಮಂದಿಗೆ ಟೋಪಿ ಹಾಕಿ ಹೋದರೆ? ಆಗ ಮೋಸಹೋದವರು ಬಂದು ಬಾಗಿಲು ಬಡಿಯುವುದು ಕಳ್ಳನ ಮನೆಯದಲ್ಲ, ಹೆಸರಿನ ಒಡೆಯನ ಮನೆಯದು. ಮಂಗ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನಮಗೆಲ್ಲ ತಿಳಿದದ್ದೇ. ಮೇಕೆ ತಿಂದಿಲ್ಲವೆಂಬುದರಲ್ಲಿ ಸಂಶಯವಿಲ್ಲ. ಆದರೂ ಅನ್ನ ಕಳೆದುಕೊಂಡು ಹಸಿದು ಕುಳಿತವನಿಗೆ ಮೇಕೆಯಿಂದ ಏನಾದರೂ ಸಲ್ಲಬೇಕೆ, ಸಲ್ಲಬೇಕಾದರೆ ಏನು? ಕಥೆ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅಂತರ್ಜಾಲದ ಹರಾಜು ತಾಣಗಳಲ್ಲಿ ಖಾತೆಗಳನ್ನು ಕದಿಯುವ ವಿದ್ಯೆ ಬೆಳೆದಂದಿನಿಂದ ಅದನ್ನು ಕೇಳದೆ ವಿಧಿಯಿಲ್ಲದಾಗಿದೆ.

ಹರಾಜು ನಮಗೆ ಹೊಸದಲ್ಲ. ಅಡಕೆ ಮಂಡಿಯಲ್ಲಿ, ಮೀನಿನ ಬಂದರಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಸವಾಲು ಕೂಗುವುದನ್ನು ಊರಿನಲ್ಲಿ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಮಾಲು ಕಣ್ಣೆದುರಿಗಿರುತ್ತದೆ. ಮಾರುವವನು ಯಾರ ಮಗ, ಯಾವ ಮನೆಯವನು ಎಂಬುದೂ ಗೊತ್ತಿರುತ್ತದೆ. ‘ಒಂದು ಸಲ, ಎರಡು ಸಲ, ಮೂರು ಸಲ’ ಎಂದಮೇಲೆ ಹಣ ಎಣಿಸಿ ಮಾಲು ಎತ್ತಿಕೊಂಡು ನಡೆದರೆ ವ್ಯವಹಾರ ಮುಗಿಯಿತು. ಅಂತರ್ಜಾಲದ ಹರಾಜಿನಲ್ಲಿ ಇವೆರಡೂ ಇಲ್ಲ. ಮಾಲಿನ ಬದಲು ಅದರ ಚಿತ್ರ. ಮನುಷ್ಯನ ಬದಲು ಅವನು ಇಟ್ಟುಕೊಂಡ ಒಂದು ಹೆಸರು. ಹಣ ಮೊದಲು ಹೋಗುತ್ತದೆ, ವಸ್ತು ಆಮೇಲೆ ಬರುತ್ತದೆ. ನಮ್ಮ ಅಜ್ಜಂದಿರು ಇಂಥ ವ್ಯಾಪಾರದ ಮಾತು ಕೇಳಿದ್ದರೆ ನಕ್ಕು ಎದ್ದುಹೋಗುತ್ತಿದ್ದರು.

ಆದರೂ ಅದು ನಡೆಯಿತು. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಪಿಯರ್ ಓಮಿಡಿಯಾರ್ ಎಂಬ ತರುಣ ‘ಆಕ್ಷನ್ ವೆಬ್’ ಎಂಬ ಹರಾಜು ತಾಣವನ್ನು ತೆರೆದ. ಮುಂದೆ ‘ಈಬೇ’ ಎಂದು ಹೆಸರಾದದ್ದು ಇದೇ. ಅಲ್ಲಿ ಮೊಟ್ಟಮೊದಲು ಮಾರಾಟವಾದದ್ದು ಕೆಟ್ಟುಹೋಗಿದ್ದ ಒಂದು ಲೇಸರ್ ಪಾಯಿಂಟರ್. ಬಂದ ಬೆಲೆ 14 ಡಾಲರ್ 83 ಸೆಂಟ್. ಕೆಟ್ಟ ಪಾಯಿಂಟರಿಗೂ ಗಿರಾಕಿ ಇದ್ದಾನೆಂದ ಮೇಲೆ ಮಾರುಕಟ್ಟೆಗೆ ಏನು ಕೊರತೆ? ಕೊರತೆಯಿದ್ದದ್ದು ನಂಬಿಕೆಗೆ. ಮನುಷ್ಯರು ಮೂಲತಃ ಒಳ್ಳೆಯವರು ಎಂದು ಓಮಿಡಿಯಾರ್ ನಂಬಿದ್ದ. ಆದರೆ ಆ ನಂಬಿಕೆಯೊಂದನ್ನೇ ನೆಚ್ಚಿ ಕೂರಲಿಲ್ಲ. 1996ರ ಫೆಬ್ರವರಿಯಲ್ಲಿ ಒಂದು ಏರ್ಪಾಡು ಮಾಡಿದ. ಪ್ರತಿ ವ್ಯವಹಾರದ ಕೊನೆಗೆ ಕೊಂಡವನು ಮಾರಿದವನ ಬಗ್ಗೆ, ಮಾರಿದವನು ಕೊಂಡವನ ಬಗ್ಗೆ ಒಂದು ಮಾತು ಬರೆಯಬಹುದು. ಒಳ್ಳೆಯ ಮಾತಿಗೆ ಒಂದು ಅಂಕ ಕೂಡುತ್ತದೆ, ಕೆಟ್ಟ ಮಾತಿಗೆ ಒಂದು ಅಂಕ ಕಳೆಯುತ್ತದೆ. 10 ಅಂಕ ಸೇರಿದರೆ ಹೆಸರಿನ ಪಕ್ಕದಲ್ಲಿ ಒಂದು ಹಳದಿ ನಕ್ಷತ್ರ. ಅಂಕ ಏರಿದಂತೆ ನಕ್ಷತ್ರದ ಬಣ್ಣ ಬದಲಾಗುತ್ತದೆ.

ಮಕ್ಕಳಾಟದಂತೆ ಕಾಣುವ ಈ ನಕ್ಷತ್ರಗಳು ಏನು ಬೆಲೆ ಬಾಳುತ್ತವೆ ಎಂಬುದನ್ನು ವಿದ್ವಾಂಸರು ಲೆಕ್ಕಹಾಕಿದ್ದಾರೆ. ಪಾಲ್ ರೆಸ್ನಿಕ್ ಮತ್ತು ಅವರ ಸಂಗಡಿಗರು ಹಳೆಯ ಪೋಸ್ಟ್‌ಕಾರ್ಡುಗಳನ್ನು ಮಾರುವ ಒಬ್ಬ ಅನುಭವಿ ವ್ಯಾಪಾರಿಯ ನೆರವು ಪಡೆದು ಒಂದು ಪ್ರಯೋಗ ನಡೆಸಿದರು. ಒಂದೇ ಬಗೆಯ ಕಾರ್ಡುಗಳನ್ನು ಆತ ಕೆಲವನ್ನು ತನ್ನ ಹಳೆಯ, ಹೆಸರುವಾಸಿಯಾದ ಖಾತೆಯಿಂದಲೂ ಕೆಲವನ್ನು ಯಾರಿಗೂ ಗೊತ್ತಿಲ್ಲದ ಹೊಸ ಖಾತೆಗಳಿಂದಲೂ ಮಾರಿದ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜನ ಹಳೆಯ ಹೆಸರಿಗೆ ಶೇಕಡ 8.1ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಕಾರ್ಡು ಅದೇ, ಮಾರುವ ಕೈಯೂ ಅದೇ. ಹೆಚ್ಚಿನ ಹಣ ಬರಿಯ ಹೆಸರಿಗೆ. ಒಳ್ಳೆಯ ಹೆಸರು ಬಂಗಾರಕ್ಕಿಂತ ಮೇಲು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಹೀಗೆ ಲೆಕ್ಕದ ಪುಸ್ತಕದಲ್ಲಿಯೂ ಜಾಗ ಸಿಕ್ಕಿತು.

ಬೆಲೆಯುಳ್ಳದ್ದು ಎಲ್ಲಿದೆಯೋ ಅಲ್ಲಿಗೆ ಕಳ್ಳ ಬಂದೇ ಬರುತ್ತಾನೆ. ಹೆಸರು ಗಳಿಸಲು ಹತ್ತು ವರ್ಷ ಬೇಕು. ಕದಿಯಲು ಪಾಸ್‌ವರ್ಡ್ ಒಂದಿದ್ದರೆ ಸಾಕು. ಕದಿಯುವ ಕ್ರಮವೂ ಬಹಳ ಜಾಣತನದ್ದೇನಲ್ಲ. ಹರಾಜು ತಾಣದ ಹೆಸರಿನಲ್ಲಿಯೇ ಒಂದು ಇ-ಮೇಲ್ ಬರುತ್ತದೆ: ‘ನಿಮ್ಮ ಖಾತೆ ರದ್ದಾಗಲಿದೆ, ಇಲ್ಲಿ ಒತ್ತಿ ವಿವರಗಳನ್ನು ತುಂಬಿರಿ.’ ಒತ್ತಿದರೆ ತೆರೆಯುವುದು ತಾಣದ ಪುಟದಂತೆಯೇ ಕಾಣುವ ಕಳ್ಳನ ಪುಟ. ಅಲ್ಲಿ ಬರೆದ ಪಾಸ್‌ವರ್ಡ್ ನೇರವಾಗಿ ಅವನ ಕೈಗೆ. ಇಲ್ಲವೆ, ಬೇರೆ ಯಾವುದೋ ತಾಣದಿಂದ ಸೋರಿಹೋದ ಪಾಸ್‌ವರ್ಡನ್ನೇ ಇಲ್ಲಿಯೂ ಹಾಕಿ ನೋಡುತ್ತಾನೆ. ಹತ್ತು ಬೀಗಕ್ಕೆ ಒಂದೇ ಕೀಲಿಕೈ ಇಟ್ಟುಕೊಂಡವರು ಬಹಳ ಮಂದಿ. ಅವನಿಗೆ ಪ್ರಿಯವಾದದ್ದು ಒಳ್ಳೆಯ ಅಂಕಗಳಿದ್ದು, ಒಡೆಯನು ಕೆಲವು ತಿಂಗಳಿಂದ ತೆರೆದು ನೋಡದಿರುವ ಖಾತೆ. ಒಳಹೊಕ್ಕ ಕೂಡಲೆ ಇ-ಮೇಲ್ ವಿಳಾಸವನ್ನು ಬದಲಿಸುತ್ತಾನೆ. ದುಬಾರಿ ಕ್ಯಾಮರಾ, ಕಂಪ್ಯೂಟರು, ಕಾರುಗಳನ್ನು ಅಗ್ಗದ ಬೆಲೆಗೆ ಹರಾಜಿಗಿಡುತ್ತಾನೆ. ‘ತಾಣದ ಹೊರಗೆ ವ್ಯವಹಾರ ಮುಗಿಸೋಣ, ಇನ್ನೂ ಕಡಿಮೆಗೆ ಕೊಡುತ್ತೇನೆ’ ಎಂದು ಬರೆಯುತ್ತಾನೆ. ಹರಾಜಿನಲ್ಲಿ ಸೋತವನಿಗೆ, ‘ಗೆದ್ದವನು ಹಿಂದೆ ಸರಿದ, ವಸ್ತು ನಿಮಗೇ’ ಎಂದು ಆಸೆ ತೋರಿಸುತ್ತಾನೆ. ಹಣವನ್ನು ತಂತಿ ಮೂಲಕ ತರಿಸಿಕೊಂಡು ಮಾಯವಾಗುತ್ತಾನೆ. ರೊಮೇನಿಯ ದೇಶದ ರಮ್ನಿಕು ವಲ್ಚಾ ಎಂಬ ಊರು ಇಂಥ ಹರಾಜು ವಂಚನೆಗಳಿಂದಲೇ ಜಗತ್ತಿನ ಪತ್ರಿಕೆಗಳಲ್ಲಿ ಕುಖ್ಯಾತವಾಯಿತು. ಅಲ್ಲಿ ಕುಳಿತು ಬಲೆ ಬೀಸುವವರು, ಬೇರೆ ದೇಶಗಳಲ್ಲಿ ನಿಂತು ಹಣ ಎತ್ತಿಕೊಳ್ಳುವವರು, ಹೀಗೆ ಕೆಲಸದ ಹಂಚಿಕೆಯೂ ಇತ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರು ಹಳೆಯ ಅಂಚೆಚೀಟಿಗಳನ್ನು ಈ ತಾಣದಲ್ಲಿ ಮಾರುತ್ತಿದ್ದಾರೆಂದು ಕಲ್ಪಿಸಿಕೊಳ್ಳೋಣ. ಹನ್ನೆರಡು ವರ್ಷಗಳ ವ್ಯವಹಾರ, ಎಂಟುನೂರು ಮಂದಿಯ ಒಳ್ಳೆಯ ಮಾತು. ಒಂದು ರಾತ್ರಿ ಅವರ ಖಾತೆ ಕಳವಾಗುತ್ತದೆ. ದೂರದ ಊರಿನ ವಿದ್ಯಾರ್ಥಿಯೊಬ್ಬ ಆ ಎಂಟುನೂರು ಮಾತುಗಳನ್ನು ಓದಿ ನಂಬಿ, ಕೂಡಿಟ್ಟ ಹಣವನ್ನೆಲ್ಲ ಒಂದು ಕ್ಯಾಮರಾಕ್ಕಾಗಿ ಕಳುಹಿಸುತ್ತಾನೆ. ಕ್ಯಾಮರಾ ಇರಲೇ ಇಲ್ಲ. ಕಳ್ಳ ಸಿಕ್ಕುವುದಿಲ್ಲ. ಉಳಿದವರು ಮೂವರು: ಅಧ್ಯಾಪಕಿ, ವಿದ್ಯಾರ್ಥಿ, ಮಾರುಕಟ್ಟೆ. ‘ನಾನೇನೂ ಮಾಡಿಲ್ಲ’ ಎನ್ನುತ್ತಾರೆ ಅಧ್ಯಾಪಕಿ. ‘ನಾನು ನಂಬಿದ್ದು ಕಳ್ಳನನ್ನಲ್ಲ, ನಿಮ್ಮ ಹೆಸರನ್ನು’ ಎನ್ನುತ್ತಾನೆ ವಿದ್ಯಾರ್ಥಿ. ‘ನಾವು ಜಾಗ ಕೊಟ್ಟವರು ಮಾತ್ರ’ ಎನ್ನುತ್ತದೆ ಮಾರುಕಟ್ಟೆ. ಮೂವರ ಮಾತೂ ಒಂದು ಮಟ್ಟಿಗೆ ನಿಜವೇ. ಮೂರು ನಿಜಗಳು ಕೂಡಿದರೂ ನ್ಯಾಯವಾಗದಿರುವುದೇ ಇಲ್ಲಿಯ ತೊಡಕು.

ಹಣದ ಮಾತನ್ನು ಮೊದಲು ತೆಗೆದುಕೊಳ್ಳೋಣ. ಅದು ಕಷ್ಟದ್ದಾದರೂ ಅಳತೆಗೆ ಸಿಕ್ಕುವಂಥದು. ಇಂಗ್ಲಿಷ್ ನ್ಯಾಯಾಲಯದಲ್ಲಿ 1787ರಷ್ಟು ಹಿಂದೆಯೇ, ಲಿಕ್‌ಬ್ಯಾರೊ ಮತ್ತು ಮೇಸನ್ ಎಂಬವರ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಆಶ್‌ಹರ್ಸ್ಟ್ ಒಂದು ಸೂತ್ರವನ್ನು ಹಾಕಿಕೊಟ್ಟರು. ಮೂರನೆಯವನ ಕೃತ್ಯದಿಂದ ಇಬ್ಬರು ನಿರಪರಾಧಿಗಳಲ್ಲಿ ಒಬ್ಬನಿಗೆ ನಷ್ಟ ಬಂದೇ ತೀರಬೇಕಾದಲ್ಲಿ, ಆ ಕೃತ್ಯಕ್ಕೆ ಎಡೆಮಾಡಿಕೊಟ್ಟವನೇ ನಷ್ಟವನ್ನು ಹೊರಬೇಕು ಎಂಬುದು ಅದರ ತಾತ್ಪರ್ಯ. ಕೇಳಲು ಸರಳ. ಆದರೆ ‘ಎಡೆಮಾಡಿಕೊಟ್ಟವನು’ ಯಾರು? ಮೋಸದ ಪತ್ರವನ್ನು ನಂಬಿ ಪಾಸ್‌ವರ್ಡ್ ಬರೆದುಕೊಟ್ಟ ಅಧ್ಯಾಪಕಿಯೆ? ತಾಣದ ಹೊರಗೆ ಹಣ ಕಳುಹಿಸಬಾರದೆಂದು ತಾಣದ ನಿಯಮವೇ ಇರುವಾಗ ಅಗ್ಗದ ಆಸೆಗೆ ಕಳುಹಿಸಿದ ವಿದ್ಯಾರ್ಥಿಯೆ? ಅಥವಾ ಹನ್ನೆರಡು ವರ್ಷ ಅಂಚೆಚೀಟಿ ಮಾರಿದ ಖಾತೆ ಒಂದೇ ರಾತ್ರಿಯಲ್ಲಿ ಇಪ್ಪತ್ತು ಕ್ಯಾಮರಾ ಮಾರತೊಡಗಿದಾಗಲೂ ಕಣ್ಣುಮುಚ್ಚಿಕೊಂಡಿದ್ದ ಮಾರುಕಟ್ಟೆಯೆ? ಮನೆಗೆ ಬೀಗ ಹಾಕದವನನ್ನು ಅಜಾಗರೂಕ ಎನ್ನಬಹುದು, ಕಳ್ಳ ಎನ್ನಲಾಗದು. ಮನೆಯ ಗೋಡೆಯೇ ಗಟ್ಟಿಯಿಲ್ಲದಿದ್ದರೆ ಬೀಗ ಹಾಕಿಯೂ ಏನು ಫಲ?

ಗೋಡೆ ಬಿರುಕುಬಿಟ್ಟ ಪ್ರಸಂಗವೂ ಉಂಟು. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ಭಾಗದಲ್ಲಿ ಈಬೇ ಸಂಸ್ಥೆಯ ಕೆಲವು ನೌಕರರ ಪಾಸ್‌ವರ್ಡುಗಳನ್ನು ವಶಪಡಿಸಿಕೊಂಡ ಕಳ್ಳರು ಗ್ರಾಹಕರ ಹೆಸರು, ವಿಳಾಸ, ಫೋನು, ಹುಟ್ಟಿದ ದಿನಾಂಕ, ಗೂಢಲಿಪಿಯಲ್ಲಿದ್ದ ಪಾಸ್‌ವರ್ಡು ಇವಿದ್ದ ಕಣಜಕ್ಕೇ ಕೈಹಾಕಿದರು. ಮೇ ತಿಂಗಳಲ್ಲಿ ವಿಷಯ ಹೊರಬಿದ್ದಾಗ 14 ಕೋಟಿ 50 ಲಕ್ಷ ಗ್ರಾಹಕರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಹೇಳಬೇಕಾಯಿತು. ಹಣಕಾಸಿನ ವಿವರಗಳು ಹೋದುದಕ್ಕೆ ಸಾಕ್ಷ್ಯವಿಲ್ಲವೆಂದು ಸಂಸ್ಥೆ ತಿಳಿಸಿತು. ಇಲ್ಲಿ ಗ್ರಾಹಕನು ಯಾವ ಬಾಗಿಲನ್ನೂ ತೆರೆದಿಡಲಿಲ್ಲ. ಎಚ್ಚರ ತಪ್ಪಿದವನೇ ಹೊರಲಿ ಎಂಬ ಸೂತ್ರ ಗ್ರಾಹಕನಿಗೆ ಅನ್ವಯಿಸುವುದಾದರೆ ಮಾರುಕಟ್ಟೆಗೂ ಅನ್ವಯಿಸಬೇಕು. ನಂಬಿಕೆಯಿಂದ ಪ್ರತಿ ವ್ಯವಹಾರದಲ್ಲೂ ದಳ್ಳಾಳಿ ಪಡೆಯುವವನು ನಂಬಿಕೆ ಮುರಿದ ದಿನ ‘ನಾನು ಬರಿಯ ಜಾಗದವನು’ ಎನ್ನುವುದು ಧರ್ಮವಾಗಲಾರದು.

ನಮ್ಮ ಭಾರತದಲ್ಲಿ ಬ್ಯಾಂಕುಗಳ ಮಟ್ಟಿಗೆ ಈ ತೂಕವನ್ನು ಒಂದಿಷ್ಟು ಚೆನ್ನಾಗಿ ಹಂಚಿಕೊಟ್ಟದ್ದು 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಬೇರೆಲ್ಲಿಯೋ ಆಗಿದೆ ಎಂದಾದರೆ, ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನು ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ ಎಂದು ಅದು ಹೇಳಿತು. ಗ್ರಾಹಕನೇ ತನ್ನ ಗುಟ್ಟನ್ನು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೋಸಹೋಗಿ ತಾನಾಗಿ ದೇಶದೊಳಗಿನ ಬೇರೊಂದು ಖಾತೆಗೆ ಹಣ ಕಳುಹಿಸಿದವನಿಗೂ 85,000 ಪೌಂಡಿನವರೆಗೆ ಮರಳಿಸಬೇಕು, ಆ ಹೊರೆಯನ್ನು ಕಳುಹಿಸಿದ ಬ್ಯಾಂಕೂ ಪಡೆದ ಬ್ಯಾಂಕೂ ಅರ್ಧರ್ಧ ಹೊರಬೇಕು ಎಂಬ ನಿಯಮ ಬಂತು. ತೀರ ಅಜಾಗರೂಕನಾದವನಿಗೆ ಮಾತ್ರ ವಿನಾಯಿತಿಯಿಲ್ಲ.

ಈ ನಿಯಮಗಳಲ್ಲಿ ವಾಚಕರು ಒಂದನ್ನು ಗಮನಿಸಬೇಕು. ರಿಸರ್ವ್ ಬ್ಯಾಂಕಿನ ಸುತ್ತೋಲೆ ‘ನೀನು ತಪ್ಪು ಮಾಡಿದೆಯೋ ಇಲ್ಲವೋ’ ಎಂಬುದರ ಜೊತೆಗೇ ‘ಗೊತ್ತಾದ ಮೇಲೆ ಎಷ್ಟು ಬೇಗ ಹೇಳಿದೆ’ ಎಂದೂ ಕೇಳುತ್ತದೆ. ತಪ್ಪಿಲ್ಲದವನಿಗೂ ಗಡುವು ಉಂಟು. ತಪ್ಪಿದವನಿಗೂ ಹೇಳಿದ ಕ್ಷಣದಿಂದ ಬಿಡುಗಡೆ ಉಂಟು. ಹಣದ ಲೆಕ್ಕಕ್ಕಾಗಿ ಮಾಡಿದ ನಿಯಮದಲ್ಲಿ ಒಂದು ನೀತಿಯ ಎಳೆ ಅಡಗಿದೆ. ನಮ್ಮ ಮಾತು ಮುಖ್ಯವಾಗಿ ಆ ಎಳೆಯ ಬಗ್ಗೆ.

ಪ್ಲೇಟೋ ಮಹಾಶಯನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗ್ಲಾಕನ್ ಎಂಬ ತರುಣ ಸಾಕ್ರಟೀಸನಿಗೆ ಒಂದು ಸವಾಲು ಹಾಕುತ್ತಾನೆ. ಸಂಪೂರ್ಣ ಅನ್ಯಾಯಗಾರನಾದರೂ ನ್ಯಾಯವಂತನೆಂಬ ಕೀರ್ತಿಯುಳ್ಳ ಒಬ್ಬ, ಸಂಪೂರ್ಣ ನ್ಯಾಯವಂತನಾದರೂ ಅನ್ಯಾಯಗಾರನೆಂಬ ಅಪಕೀರ್ತಿಯನ್ನು ಹೊತ್ತ ಇನ್ನೊಬ್ಬ, ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ, ಯಾರ ಬಾಳು ಮೇಲು ಹೇಳು ಎನ್ನುತ್ತಾನೆ. ಇಷ್ಟು ಪೂರ್ಣವಾದ ಅದಲುಬದಲು ಲೋಕದಲ್ಲಿ ಎಲ್ಲಿಯಾದರೂ ಉಂಟೆ, ಇದು ತರ್ಕಕ್ಕಾಗಿ ಕಟ್ಟಿದ ಕಲ್ಪನೆ ಎಂದು ಓದುವವರಿಗೆ ಅನ್ನಿಸುವುದುಂಟು. ಹರಾಜು ತಾಣದ ಕಳ್ಳ ಅದನ್ನು ಒಂದು ರಾತ್ರಿಯಲ್ಲಿ ಮಾಡಿತೋರಿಸುತ್ತಾನೆ. ಎಂಟುನೂರು ಒಳ್ಳೆಯ ಮಾತುಗಳು ಅವನಿಗೆ. ಬೆಳಗಾಗುವಷ್ಟರಲ್ಲಿ ಬರುವ ಬೈಗುಳಗಳೆಲ್ಲ ಅಧ್ಯಾಪಕಿಗೆ. ಗ್ಲಾಕನ್ನನ ನ್ಯಾಯವಂತ ಮೌನವಾಗಿ ಅಪಕೀರ್ತಿಯನ್ನು ಸಹಿಸಿ, ತನ್ನ ಅಂತರಂಗವೇ ತನಗೆ ಸಾಕ್ಷಿ ಎಂದುಕೊಂಡಿರುತ್ತಾನೆ. ಅಧ್ಯಾಪಕಿಯೂ ಹಾಗೆ ಇರಬಹುದೆ?

ಇರಲಾಗದು ಎಂಬುದು ನಮ್ಮ ಅಭಿಪ್ರಾಯ. ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ ಒಂದು ಉದಾಹರಣೆ ಕೊಡುತ್ತಾನೆ. ಲಾರಿಯ ಚಾಲಕನೊಬ್ಬನ ಗಾಡಿಗೆ, ಅವನ ತಪ್ಪೇನೂ ಇಲ್ಲದೆ, ಒಂದು ಮಗು ಸಿಕ್ಕಿ ಸಾಯುತ್ತದೆ. ಅವನ ದುಃಖ ರಸ್ತೆಬದಿಯಲ್ಲಿ ನಿಂತು ನೋಡಿದವನ ದುಃಖದಂಥದಲ್ಲ. ‘ನಿನ್ನದೇನೂ ತಪ್ಪಿಲ್ಲ ಬಿಡು’ ಎಂದು ನಾವು ಅವನಿಗೆ ಸಮಾಧಾನ ಹೇಳುತ್ತೇವೆ, ಹೇಳಲೂ ಬೇಕು. ಆದರೆ ಅವನು ತಕ್ಷಣವೇ ‘ಹೌದಲ್ಲ, ನನ್ನದೇನೂ ತಪ್ಪಿಲ್ಲ’ ಎಂದು ಹಗುರವಾಗಿ ಹೊರಟುಬಿಟ್ಟರೆ ಅವನ ಬಗ್ಗೆ ನಮಗೇ ಏನೋ ಅನುಮಾನ ಹುಟ್ಟುತ್ತದೆ. ಅಂದರೆ ತಪ್ಪು ಬೇರೆ, ಸಂಬಂಧ ಬೇರೆ. ತಪ್ಪಿಲ್ಲದಿದ್ದರೂ ನನ್ನ ಮೂಲಕ ಒಬ್ಬನಿಗೆ ಕೇಡಾಯಿತು ಎಂಬ ಸಂಬಂಧ ಉಳಿಯುತ್ತದೆ. ಆ ಸಂಬಂಧಕ್ಕೆ ದಂಡವಿಲ್ಲ. ಒಂದು ಸಲುವಳಿ ಮಾತ್ರ ಇದೆ.

ಹೆಸರಿನ ವಿಷಯದಲ್ಲಿ ಈ ಸಂಬಂಧ ಇನ್ನೂ ಹತ್ತಿರದ್ದು. ಹೆಸರು ಯಾರ ಸ್ವತ್ತು? ಅಧ್ಯಾಪಕಿಯದೇ ಎಂದು ಥಟ್ಟನೆ ಹೇಳಬಹುದು. ಆದರೆ ಆ ಎಂಟುನೂರು ಮಾತುಗಳಲ್ಲಿ ಒಂದನ್ನೂ ಅವರು ಬರೆದದ್ದಲ್ಲ. ಬರೆದವರು ಕೊಂಡವರು. ಮುಂದೆ ಕೊಳ್ಳಲಿರುವವರು, ತಮಗೆ ಗುರುತಿಲ್ಲದವರು, ಓದಿ ಧೈರ್ಯ ತಂದುಕೊಳ್ಳಲಿ ಎಂದು ಬರೆದರು. ಮೊದಲಿನವರು ಕೊಟ್ಟು, ಮುಂದಿನವರಿಗಾಗಿ ನಮ್ಮ ಬಳಿ ಇರಿಸಿದ ಠೇವಣಿ ಅದು. ಅದರ ಬಡ್ಡಿಯನ್ನು, ಆ ಶೇಕಡ 8.1ನ್ನು, ಉಣ್ಣುವ ಹಕ್ಕು ಅಧ್ಯಾಪಕಿಗೆ ಖಂಡಿತ ಇದೆ. ಆದರೆ ಠೇವಣಿ ಕಳವಾದ ದಿನ ‘ಕಳವಾದದ್ದು ನನ್ನದು, ನಿಮಗೇನು’ ಎಂದು ಬಾಗಿಲು ಹಾಕಿಕೊಳ್ಳುವ ಹಕ್ಕು ಇಲ್ಲ.

ಊರು ಬಿಟ್ಟು ಬಂದ ನಮಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಮುಂಬಯಿಗೋ ಪುಣೆಗೋ ಮದರಾಸಿಗೋ ಬಂದಿಳಿದ ನಮ್ಮ ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿದ್ದದ್ದು ಒಂದು ಟ್ರಂಕು, ಕಿಸೆಯಲ್ಲಿ ಊರಿನ ಹಿರಿಯರೊಬ್ಬರು ಬರೆದುಕೊಟ್ಟ ಚೀಟಿ. ‘ಈ ಹುಡುಗ ನಮ್ಮ ಕಡೆಯವನು, ಒಳ್ಳೆಯವನು’ ಎಂಬ ಎರಡು ಸಾಲಿನ ಬಲದಿಂದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು, ಚಾಳಿನಲ್ಲಿ ಮಲಗಲು ಜಾಗ ಸಿಕ್ಕಿತು. ಆ ಚೀಟಿಯನ್ನು ಯಾವನಾದರೂ ಕದ್ದು ತೋರಿಸಿ ಗಲ್ಲಾಪೆಟ್ಟಿಗೆಯೊಂದಿಗೆ ಓಡಿಹೋದರೆ, ಬರೆದುಕೊಟ್ಟ ಹಿರಿಯರು ಹಣ ತೆರಬೇಕಾಗಿರಲಿಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದ ದಿನವೇ ಒಂದು ಕಾರ್ಡು ಹಾಕದೆ ಅವರಿಂದ ಇರಲಾಗುತ್ತಿತ್ತೆ? ‘ಅವನು ನಾನು ಕಳಿಸಿದವನಲ್ಲ, ಎಚ್ಚರವಾಗಿರಿ’ ಎಂಬ ಆ ಕಾರ್ಡು, ಮುಂದೆ ನಿಜವಾದ ಚೀಟಿ ಹಿಡಿದು ಬರುವ ಹುಡುಗನನ್ನೂ ಕಾಯುತ್ತಿತ್ತು. ಅವರಿಂದ ಸಲ್ಲಬೇಕಾದದ್ದು ಹಣವಲ್ಲ, ಮಾತು.

ಆದರೆ ಇಂದು ಕಾಣುವುದು ಇದಕ್ಕೆ ವಿರುದ್ಧ. ಖಾತೆ ಕಳವಾದವರಿಗೆ ಮೊದಲು ಬರುವುದು ಕೋಪವಲ್ಲ, ನಾಚಿಕೆ. ‘ಇಷ್ಟು ಓದಿದವರು, ಇಷ್ಟು ದೊಡ್ಡ ಕೆಲಸದಲ್ಲಿದ್ದವರು, ಹೀಗೆ ಮೋಸಹೋದರಂತೆ’ ಎಂದು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆ. ಹೆಂಡತಿ ಗಂಡನಿಗೆ ಹೇಳುವುದಿಲ್ಲ. ತಂದೆ ಮಕ್ಕಳಿಗೆ ಹೇಳುವುದಿಲ್ಲ. ಸದ್ದಿಲ್ಲದೆ ಪಾಸ್‌ವರ್ಡ್ ಬದಲಿಸಿ, ಏನೂ ಆಗಿಲ್ಲವೆಂಬಂತೆ ಇದ್ದುಬಿಡುತ್ತಾರೆ. ಮೋಸಹೋದ ಕೊಳ್ಳುವವನ ಪಾಡೂ ಅದೇ. ಅಗ್ಗದ ಆಸೆಗೆ ಬಿದ್ದೆನೆಂದು ಯಾರ ಮುಂದೆ ಹೇಳಿಕೊಂಡಾನು? ಕಳ್ಳನು ಪಾಸ್‌ವರ್ಡನ್ನು ನಂಬಿ ಬದುಕುವುದಕ್ಕಿಂತ ಹೆಚ್ಚಾಗಿ ಈ ನಾಚಿಕೆಯನ್ನು ನಂಬಿ ಬದುಕುತ್ತಾನೆ.

ಮೌನಕ್ಕೆ ಒಂದು ಘನವಾದ ಸಮರ್ಥನೆಯೂ ಉಂಟೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದಿಯಲ್ಲಿ ಸುದರ್ಶನರು ಬರೆದ ‘ಹಾರ್ ಕೀ ಜೀತ್’ ಎಂಬ ಕಥೆಯನ್ನು ಇಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳು ಓದಿರುತ್ತಾರೆ. ಡಕಾಯಿತ ಖಡ್ಗಸಿಂಹ ಅಂಗವಿಕಲನ ವೇಷ ಹಾಕಿ, ಮರುಕದಿಂದ ಕುದುರೆಯ ಮೇಲೆ ಕೂರಿಸಿಕೊಂಡ ಬಾಬಾ ಭಾರತಿಯವರಿಂದ ಆ ಕುದುರೆಯನ್ನೇ ಕಿತ್ತುಕೊಳ್ಳುತ್ತಾನೆ. ಬಾಬಾ ಕುದುರೆಯನ್ನು ಮರಳಿ ಬೇಡುವುದಿಲ್ಲ. ಈ ಸಂಗತಿಯನ್ನು ಯಾರಿಗೂ ಹೇಳಬೇಡ, ತಿಳಿದರೆ ಜನ ದೀನರನ್ನು ನಂಬುವುದನ್ನೇ ಬಿಟ್ಟಾರು ಎಂದಷ್ಟೇ ಕೇಳಿಕೊಳ್ಳುತ್ತಾರೆ. ಕಥೆಯಲ್ಲಿ ಆ ಮಾತು ಡಕಾಯಿತನ ಮನಸ್ಸನ್ನೇ ತಿರುಗಿಸುತ್ತದೆ. ಹಾಗಾದರೆ ನಾವೂ ಬಾಯಿಮುಚ್ಚಿಕೊಂಡು ಜಗತ್ತಿನ ನಂಬಿಕೆಯನ್ನು ಕಾಪಾಡಬಾರದೆ? ಎಲ್ಲರೂ ಎಲ್ಲವನ್ನೂ ಹೇಳತೊಡಗಿದರೆ ಯಾರನ್ನು ಯಾರು ನಂಬಿಯಾರು?

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಎರಡು ಪ್ರಸಂಗಗಳ ನಡುವಿನ ವ್ಯತ್ಯಾಸವನ್ನು ನೋಡಬೇಕು. ಬಾಬಾ ಅವರ ಎದುರಿಗೆ ಒಬ್ಬ ಮನುಷ್ಯನಿದ್ದ. ಅವನ ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡಲು ಅವಕಾಶವಿತ್ತು. ಕುದುರೆಯೊಂದು ಹೋದಮೇಲೆ ಆ ವಂಚನೆ ಅಲ್ಲಿಗೆ ಮುಗಿದಿತ್ತು. ಅವರು ಕಾಪಾಡಹೊರಟದ್ದು ಲೋಕದ ದೀನರ ಮೇಲಿನ ಕರುಣೆಯನ್ನು. ಹರಾಜು ತಾಣದ ಕಳ್ಳ ಮುಖವಿಲ್ಲದವನು. ಅವನ ಕೆಲಸ ಇನ್ನೂ ನಡೆಯುತ್ತಲೇ ಇದೆ. ನಾವು ಸುಮ್ಮನಿದ್ದ ಪ್ರತಿ ಗಂಟೆಯಲ್ಲೂ ಇನ್ನೊಬ್ಬ ವಿದ್ಯಾರ್ಥಿ ಆ ಎಂಟುನೂರು ಮಾತುಗಳನ್ನು ಓದುತ್ತಿರುತ್ತಾನೆ. ಮುಗಿದುಹೋದ ಗಾಯವನ್ನು ಮುಚ್ಚಿಡುವುದು ಔದಾರ್ಯವಾಗಬಹುದು. ಸೋಂಕು ಹರಡುತ್ತಿರುವಾಗ ರೋಗವನ್ನು ಮುಚ್ಚಿಡುವುದು ಔದಾರ್ಯವೆನಿಸದು. ಸರಿಯಾದ ಕಡೆಗೆ, ಸರಿಯಾದ ಹೊತ್ತಿಗೆ ಹೇಳಿದ ಮಾತಿನಿಂದ ನಂಬಿಕೆ ಸಾಯುವುದೂ ಇಲ್ಲ. ‘ಇವರು ಗೊತ್ತಾದ ಕೂಡಲೆ ಹೇಳುವವರು’ ಎಂಬುದೂ ಒಂದು ಹೆಸರೇ.

ಈ ಮಾತುಗಳೆಲ್ಲ ಪರದೇಶದ ಹರಾಜಿನ ಕಥೆ, ನಮಗೇಕೆ ಎನ್ನುವವರಿಗೆ ಒಂದೆರಡು ಸಂಗತಿಗಳನ್ನು ನೆನಪಿಸಬಹುದು. 2000ದಲ್ಲಿ ಮುಂಬಯಿಯಲ್ಲೇ ಹುಟ್ಟಿದ ‘ಬಾಜಿ ಡಾಟ್ ಕಾಮ್’ ಎಂಬ ಹರಾಜು ತಾಣವನ್ನು 2004ರಲ್ಲಿ ಈಬೇ ಕೊಂಡುಕೊಂಡಿತು. ಈಬೇ ಇಂಡಿಯಾ ಆಗಿ ಮುಂದುವರಿದ ಅದು 2018ರ ಆಗಸ್ಟ್ 14ರಂದು ಬಾಗಿಲು ಹಾಕಿತು. ತಾಣ ಮುಚ್ಚಿತೇ ಹೊರತು ಕಸುಬು ಮುಚ್ಚಲಿಲ್ಲ. 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ 66ಸಿ ಎಂಬ ವಿಧಿ ಸೇರಿತು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವನಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಂಪ್ಯೂಟರಿನ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸಿದವನಿಗೆ 66ಡಿ ಪ್ರಕಾರ ಅಷ್ಟೇ ಶಿಕ್ಷೆ. ಕಾನೂನು ಮಾಡಬೇಕಾಗಿ ಬಂದದ್ದೇ ಕಸುಬು ಇಲ್ಲಿಗೂ ಬಂದಿದೆ ಎಂಬುದಕ್ಕೆ ಸಾಕ್ಷಿ.

ಈಗ ಅದು ಇನ್ನೂ ಹತ್ತಿರಕ್ಕೆ, ನಮ್ಮ ಫೋನಿನೊಳಕ್ಕೇ ಬಂದಿದೆ. ಹುಬ್ಬಳ್ಳಿಯಲ್ಲಿರುವ ಸೋದರಮಾವನ ವಾಟ್ಸಾಪ್ ಖಾತೆ ಕಳವಾಗುತ್ತದೆ ಎನ್ನೋಣ. ‘ಅರ್ಜೆಂಟ್ ಇದೆ, ಇಪ್ಪತ್ತು ಸಾವಿರ ಕಳಿಸು, ನಾಳೆ ಕೊಡುತ್ತೇನೆ’ ಎಂಬ ಸಂದೇಶ ಠಾಣೆಯಲ್ಲಿರುವ ಸೋದರಳಿಯನಿಗೆ ಬರುತ್ತದೆ. ಹರಾಜಿನ ನಕ್ಷತ್ರಗಳಿಗಿಂತ ಮಾವನ ಹೆಸರಿಗೆ ಬೆಲೆ ಹೆಚ್ಚು, ಅಳಿಯ ಕಳಿಸಿಬಿಡುತ್ತಾನೆ. ಆ ಇಪ್ಪತ್ತು ಸಾವಿರವನ್ನು ಮಾವ ಕೊಡಬೇಕೆ? ಕೊಡಬೇಕಾಗಿಲ್ಲ ಎಂದೇ ನಾವು ಹೇಳುತ್ತೇವೆ. ಕೊಡುವೆನೆಂದು ಮಾವ ಹಟ ಹಿಡಿದರೂ ಅಳಿಯ ತೆಗೆದುಕೊಳ್ಳಬಾರದು. ‘ನಿಮ್ಮಿಂದಾಗಿ ಹೋಯಿತು ಮಾವ’ ಎಂಬ ಮಾತು ಅವನ ಬಾಯಿಂದ ಬರಬಾರದು. ಆದರೆ ಮಾವ ಆ ರಾತ್ರಿ ಊಟ ಬಿಟ್ಟಾದರೂ ಸರಿ, ಪರಿಚಯದವರಿಗೆಲ್ಲ ಫೋನು ಮಾಡಲೇಬೇಕು. ಅಳಿಯನಿಗೆ ತಾವೇ ಮಾಡಬೇಕು, ಬೇರೆಯವರಿಂದ ಹೇಳಿಸಬಾರದು. ಹಣದ ಋಣವಿಲ್ಲದಿದ್ದರೂ ಮಾತಿನ ಋಣವಿದೆ.

ಹೇಳುವುದು ಎಲ್ಲಿಂದ ಆರಂಭವಾಗಬೇಕೆಂಬುದನ್ನೂ ಸಂಕ್ಷೇಪವಾಗಿ ಬರೆಯುತ್ತೇವೆ. ಖಾತೆ ಕಳವಾದುದು ತಿಳಿದ ಕೂಡಲೆ ಮೊದಲು ಇ-ಮೇಲಿನ ಪಾಸ್‌ವರ್ಡ್ ಬದಲಿಸಬೇಕು. ಉಳಿದ ಎಲ್ಲ ಬೀಗಗಳ ಕೀಲಿಯೂ ಅಲ್ಲಿಗೇ ಬಂದು ಬೀಳುವುದು. ಆಮೇಲೆ ತಾಣದ ಪಾಸ್‌ವರ್ಡ್. ಕಳ್ಳನು ಬದಲಿಸಿಟ್ಟ ವಿಳಾಸ, ಫೋನು, ಬ್ಯಾಂಕಿನ ವಿವರಗಳ ತಪಾಸಣೆ. ಅವನು ಹರಾಜಿಗಿಟ್ಟ ವಸ್ತುಗಳನ್ನು ತೆಗೆಸುವುದು. ಬಂದ ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ ತಾಣದ ವಿಳಾಸವನ್ನು ತಾವೇ ಬರೆದು ಒಳಹೋಗಬೇಕು. ಸವಾಲು ಹಾಕಿದವರಿಗೆಲ್ಲ ಎರಡು ಸಾಲು ಬರೆಯುವುದನ್ನು ಮರೆಯಬಾರದು. ಭಾರತದಲ್ಲಿ ಹಣ ಹೋಗಿದ್ದರೆ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಡಮಾಡದೆ ತಿಳಿಸಬೇಕು. ಮೊದಲ ಗಂಟೆಗಳಲ್ಲಿ ತಡೆಯಬಹುದಾದ ಹಣ ಮರುದಿನ ಹಲವು ಕೈ ದಾಟಿರುತ್ತದೆ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಬೇಡ. ಪಾಸ್‌ವರ್ಡಿನ ಮೇಲೆ ಫೋನಿಗೆ ಬರುವ ಇನ್ನೊಂದು ಸಂಖ್ಯೆಯನ್ನೂ ಕೇಳುವ ಏರ್ಪಾಡಿದ್ದಲ್ಲಿ ಅದನ್ನು ಹಾಕಿಕೊಳ್ಳುವುದು ಲೇಸು. ಆ ಸಂಖ್ಯೆಯನ್ನು ಮಾತ್ರ ಯಾರಿಗೂ ಹೇಳಕೂಡದು. ಇನ್ನು ಕೊಂಡು ಮೋಸಹೋದವನಿಗೂ ಒಂದು ಕರ್ತವ್ಯವಿದೆ. ನಿಜಾಂಶ ತಿಳಿದ ಮೇಲೆ, ಸಿಟ್ಟಿನಲ್ಲಿ ಆ ಹೆಸರಿನ ಮೇಲೆ ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹಣ ಕಳೆದುಕೊಂಡವನಿಗೆ ಇದು ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೆ ಅವನು ತೆಗೆಯದಿದ್ದರೆ ಕಳ್ಳನ ಕೆಲಸ ಅವನ ಕೈಯಿಂದ ಮುಂದುವರಿದಂತಾಗುತ್ತದೆ.

ಕೊನೆಯದಾಗಿ ಉಳಿದವರೆಲ್ಲರ ಮಾತು. ನೆಂಟರಲ್ಲೋ, ಸಂಘದ ಸದಸ್ಯರಲ್ಲೋ ಯಾರಾದರೂ ‘ನನ್ನ ಖಾತೆ ಕಳವಾಗಿದೆ, ನನ್ನ ಹೆಸರಿನಲ್ಲಿ ಏನು ಬಂದರೂ ನಂಬಬೇಡಿ’ ಎಂದು ಹೇಳಿದಾಗ, ನಾವು ಮೊದಲು ಆಡುವ ಮಾತು ‘ನೀವು ಸ್ವಲ್ಪ ನೋಡಿಕೊಳ್ಳಬಾರದಿತ್ತೆ?’ ಎಂದಾದರೆ, ಮುಂದಿನ ಸಲ ಅವರೂ ಹೇಳುವುದಿಲ್ಲ, ಕೇಳಿಸಿಕೊಂಡ ಇನ್ನಿಬ್ಬರೂ ಹೇಳುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು’ ಎಂದಷ್ಟೇ ಹೇಳಿ, ಸುದ್ದಿಯನ್ನು ನಾಲ್ಕು ಮಂದಿಗೆ ಮುಟ್ಟಿಸಿದರೆ ನಮ್ಮ ಪಾಲಿನ ಕೆಲಸ ಆಯಿತು. ಪರಊರಿನಲ್ಲಿ ನಮ್ಮನ್ನು ಬಾಳಿಸಿರುವುದು ಒಬ್ಬರ ಹೆಸರಿಗೆ ಇನ್ನೊಬ್ಬರು ಕೊಟ್ಟ ಬೆಲೆ. ಈ ವಿಷಯವನ್ನು ವಾಚಕರು ಒಂದು ಸಂಜೆ ಮನೆಮಂದಿಯೊಂದಿಗೆ, ಅದರಲ್ಲೂ ವಯಸ್ಸಾದವರೊಂದಿಗೆ ಮತ್ತು ಹೊಸದಾಗಿ ಫೋನು ಹಿಡಿದ ಮಕ್ಕಳೊಂದಿಗೆ, ಕುಳಿತು ಮಾತನಾಡಿದರೆ ಈ ಬರಹ ಸಾರ್ಥಕವಾದಂತೆ.